ಡಿಸ್ಕ್ ಪೆಟ್ಟಿಗೆಯ ಮೇಲೆ ಕಾಫಿ ಬೀಜ

ಹನ್ನೊಂದಕ್ಕೆ ಸರಿಯಾಗಿ ಕಂಪ್ಯೂಟರ್ ಪರದೆ ಮತ್ತೆ ಸ್ತಬ್ಧವಾಯಿತು. ಆನೇಮಹಲ್ ಬಳಿಯ ಆ ಕಾಫಿ ಸಂಸ್ಕರಣಾ ಘಟಕಕ್ಕೆ ಹೊಸ ಸರ್ವರ್ ಜೋಡಿಸಲು ಬಂದಿದ್ದ ನನಗದು ಮೂರನೇ ದಿನ. “ಇವತ್ತೂ ನಿಂತ್ರೆ ನಿಮ್ ಸರ್ವರ್ ಎತ್ಕೊಂಡು ಹೋಗ್ಬುಡಿ” ಎಂದು ಮ್ಯಾನೇಜರು ಬೆಳಿಗ್ಗೆಯೇ ಗುಡುಗಿದ್ದರು.

ಒಂದೇ ಸರ್ವರಿನೊಳಗೆ ಸಾಫ್ಟ್‌ವೇರಿನಿಂದ ಎರಡು ವರ್ಚುವಲ್ ಕಂಪ್ಯೂಟರ್ ಮಾಡಿಟ್ಟಿದ್ದೆ. ಎರಡೂ ಒಟ್ಟೊಟ್ಟಿಗೆ ನಿಲ್ಲುತ್ತಿದ್ದವು. ಸರ್ವರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಹಾಗಾದರೆ ದೋಷ ಮಾಹಿತಿ ಉಳಿಸಿಡಲು ಎರಡೂ ಹಂಚಿಕೊಂಡಿದ್ದ, ಬೇರೆಯೇ ಪೆಟ್ಟಿಗೆಯಲ್ಲಿದ್ದ ಡಿಸ್ಕಿನದೇ ಎಂದು ಹೊಳೆದದ್ದೇ ತಡ, ಅದನ್ನಿಟ್ಟಿದ್ದ ಪಕ್ಕದ ಸ್ಯಾಂಪಲ್ ಕೋಣೆಗೆ ಓಡಿದೆ.

ಡಿಸ್ಕ್ ಪೆಟ್ಟಿಗೆ ಕಾಣಲೇ ಇಲ್ಲ! ಅದರ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದ ಗೋಣಿತಾಟು, ಅದರ ಮೇಲೆ ಹರಡಿದ ಹಸಿ ಕಾಫಿ ಬೀಜ. ಸ್ಯಾಂಪಲ್ ನೋಡಿಕೊಳ್ಳುವ ಜಯಕ್ಕ ಬೀಜದಲ್ಲಿ ಬೆರಳಾಡಿಸುತ್ತ ನಿಂತಿದ್ದರು.

“ಮೂರು ದಿನದಿಂದ ಬರೀ ಮೋಡ ಕಣ್ರೀ. ಈ ಪೆಟ್ಟಿಗೆ ಎಷ್ಟು ಬೆಚ್ಚಗೈತೆ ಗೊತ್ತಾ? ಬಿಸಿಲಿಗಿಂತ ಬೇಗ ಒಣಗಿಸ್ಬುಡ್ತದೆ!”

ಅವರು ಒಂಬತ್ತಕ್ಕೆ ಬೀಜ ಹರಡಿದರೆ ಹನ್ನೊಂದರ ಹೊತ್ತಿಗೆ ಡಿಸ್ಕ್ ಕಾದು ಕೈಚೆಲ್ಲುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಏಕೆಂದು ಗೊತ್ತಿಲ್ಲದಿದ್ದರೂ ಜಯಕ್ಕನೂ ನಕ್ಕರು. ಗೋಣಿ ತೆಗೆದು, ಪೆಟ್ಟಿಗೆ ತಣಿದ ಮೇಲೆ ಎರಡೂ ಕಂಪ್ಯೂಟರ್ ಎದ್ದವು. ಸಂಜೆವರೆಗೂ ಒಮ್ಮೆಯೂ ನಿಲ್ಲಲಿಲ್ಲ. ಹೊರಡುವಾಗ ಜಯಕ್ಕ ಹಿಂದಿನೆರಡು ದಿನ ಆ ಪೆಟ್ಟಿಗೆಯ ಮೇಲೆಯೇ ಒಣಗಿದ್ದ ಬೀಜವನ್ನು ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿಕೊಟ್ಟರು. ಅಂಥ ಕಾಫಿ ನಾನು ಮತ್ತೆ ಕುಡಿದಿಲ್ಲ.

ಇಂದಿಗೂ ಎಲ್ಲೇ ಸರ್ವರ್ ನಿಂತರೂ ನಾನು ಮೊದಲು ಕೀಬೋರ್ಡ್ ಮುಟ್ಟುವುದಿಲ್ಲ. ಡಿಸ್ಕ್ ಪೆಟ್ಟಿಗೆಯ ನೆತ್ತಿಯ ಮೇಲೆ ಕೈಯಿಡುತ್ತೇನೆ. ಯಾರೂ ನೋಡದಿದ್ದರೆ ಒಮ್ಮೆ ಮೂಸಿಯೂ ನೋಡುತ್ತೇನೆ.