ಉಟ್ಟ ಸೀರೆ ಸಮೇತ ಒಂದು ಕೌದಿ

ಹಳೇ ಸೀರೆ ಹಾಕಿ ಸ್ಟೀಲ್ ಪಾತ್ರೆ ತೆಗೆದುಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು. ನೈಲಾನ್ ಕೊಡಿ, ಪಾಲಿಯೆಸ್ಟರ್ ಕೊಡಿ, ಗಂಡ ಆ ಹೊತ್ತಿಗೆ ಹಾಕಿಕೊಂಡಿರದಿದ್ದರೆ ಅವರ ಪ್ಯಾಂಟನ್ನೂ ಕೊಡಿ. ಹತ್ತಿ ಸೀರೆ ಮಾತ್ರ ಕೊಡಬೇಡಿ. ನಾನು ಕೊಟ್ಟೆ, ವರ್ಷಾನುಗಟ್ಟಲೆ ಕೊಟ್ಟೆ. ನಮ್ಮ ಅಡುಗೆಮನೆಯ ಅಟ್ಟದಲ್ಲಿ ಈಗ ಒಂದು ಮದುವೆಗೆ ಸಾಲುವಷ್ಟು ಡಬ್ಬಿ, ಬೋಗುಣಿ, ಕೊಳಗಗಳಿವೆ. ಮೊಮ್ಮಗುವನ್ನು ಮಲಗಿಸಲು ಮೆತ್ತಗಿನದೊಂದು ಬೇಕಾದಾಗ ಮನೆಯಲ್ಲಿದ್ದದ್ದು ಬರೀ ಸ್ಟೀಲು.

ಕೈಕೆಲಸದ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ. ವೈರಿನ ಬುಟ್ಟಿ ಹೆಣೆದೆ, ಕ್ರೋಶಾ ಹಾಕಿದೆ, ಮಣಿಯ ತೋರಣ ಪೋಣಿಸಿದೆ. ನಮ್ಮ ಮನೆಯಲ್ಲಿ ಟೀವಿಗೆ ಕವರು, ಮಿಕ್ಸಿಗೆ ಕವರು, ಫೋನಿಗೂ ಒಂದು ಹೂವಿನ ಕವರು. ಫೋನು ಬಂದರೆ ಕವರಿನ ಲಾಡಿ ಬಿಚ್ಚುವಷ್ಟರಲ್ಲಿ ಅದು ಸುಮ್ಮನಾಗಿಬಿಡುತ್ತಿತ್ತು. "ನಾನು ಅಲುಗಾಡದೆ ಕೂತ್ರೆ ನಂಗೂ ಒಂದು ಹಾಕ್ತಾಳೆ ಕಣ್ರೀ" ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಲಿ. ಆ ಹುಚ್ಚೇ ಅನ್ನ ಹಾಕಿತು. ಶಿಕಾರಿಪುರದ ಪೇಟೆಯಲ್ಲಿ ದಾರ, ಗುಂಡಿ, ಸೀರೆ ಫಾಲು ಮಾರುವ ಅಂಗಡಿಯನ್ನು ಒಂದು ಹಲಗೆಯ ಮೇಲೆ ಶುರುಮಾಡಿ, ಶಟರಿನ ಬಾಗಿಲಿರುವ ಮಳಿಗೆಯವರೆಗೆ ತಂದವಳು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ ಎಂದುಕೊಂಡಿದ್ದೆ. ಕೌದಿ ಒಂದನ್ನು ಮಾತ್ರ ಕೈಗೆತ್ತಿಕೊಂಡಿರಲಿಲ್ಲ. ಹಳೇ ಬಟ್ಟೆ ಪದರಪದರವಾಗಿ ಹಾಸಿ ಹೊಲಿಯುವುದರಲ್ಲಿ ಏನಿದೆ ಮಹಾ ಎಂಬ ಸಸಾರ.

ಮಗಳನ್ನು ಸೊರಬದ ಕಡೆ ಹೊಸಬಾಳೆಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆಂದು ಅವಳು ನಮ್ಮ ಮನೆಗೆ ಬಂದಿದ್ದಳು. ಹುಟ್ಟಿದ ಕೂಸಿಗೆ ತೊಟ್ಟಿಲಿಗೆ ಹಾಕುವ ದಿನದವರೆಗೂ ನಮ್ಮಲ್ಲಿ ಹೊಸ ಬಟ್ಟೆ ಸೋಕಿಸುವುದಿಲ್ಲ. ಮನೆಯ ಹಿರಿಯ ಹೆಂಗಸರು ಉಟ್ಟು ಸವೆಸಿದ ಹತ್ತಿ ಸೀರೆಯ ಕೌದಿಯ ಮೇಲೇ ಮಲಗಿಸಬೇಕು. ಅಷ್ಟರಲ್ಲಿ ಮಗಳ ಅತ್ತೆಯ, ಅಂದರೆ ನಮ್ಮ ಬೀಗತಿಯ, ಫೋನು ಬಂತು.

"ಕೌದಿ ಚಿಂತೆ ಮಾಡ್ಬೇಡಿ ಬೀಗರೇ, ನಾನೇ ಹೊಲ್ದು ತರ್ತೀನಿ. ನಿಮಗೆಲ್ಲಿ ಆಗುತ್ತೆ ಪಾಪ, ಅಂಗಡಿ ಬೇರೆ."

ಆ 'ಪಾಪ' ನನಗೆ ಸೂಜಿಯ ಹಾಗೆ ಚುಚ್ಚಿತು. ಬಾಣಂತನ ನನ್ನ ಮನೆಯಲ್ಲಿ, ಎಣ್ಣೆನೀರು ನನ್ನ ಕೈಯಲ್ಲಿ, ಕೂಸು ಮೊದಲು ಮೈ ಚಾಚುವುದು ಮಾತ್ರ ಬೀಗತಿಯ ಕೌದಿಯ ಮೇಲೆಯೇ?

"ಅಯ್ಯೋ, ನಂದು ಆಗ್ಲೇ ಅರ್ಧ ಆಗಿದೆ ಕಣ್ರೀ" ಎಂದುಬಿಟ್ಟೆ.

ಫೋನಿಟ್ಟು ಟ್ರಂಕು ತೆಗೆದರೆ ಬರೀ ಜಾರ್ಜೆಟ್ಟು, ಶಿಫಾನು, ಮುಟ್ಟಿದರೆ ಚಟಚಟ ಎನ್ನುವ ಪಾಲಿಯೆಸ್ಟರು. ಅದರ ಮೇಲೆ ಮಲಗಿಸಿದ್ದರೆ ಕೂಸು ಜಾರಿಕೊಂಡು ಹೊಸ್ತಿಲಿಗೆ ಬರುತ್ತಿತ್ತು. ಮನೆಯಲ್ಲಿ ಉಳಿದಿದ್ದ ಹತ್ತಿ ಸೀರೆಯೆಂದರೆ ನಾನು ಕೆಲಸಕ್ಕೆ ಉಡುವ ಒಂದೇ ಒಂದು. ಅದು ಎಷ್ಟು ಸವೆದಿತ್ತೆಂದರೆ ಪಾತ್ರೆಯವಳೇ "ಇದಕ್ಕೆ ಒಂದು ಚಮಚಾನೂ ಬರಲ್ಲ" ಎಂದು ಹಿಂದಕ್ಕೆ ಕೊಟ್ಟಿದ್ದಳು.

ಆ ಪಾತ್ರೆಯವಳನ್ನೇ ಮರುದಿನ ಬಾಗಿಲಲ್ಲಿ ತಡೆದೆ.

"ಇವತ್ತು ಉಲ್ಟಾ ವ್ಯಾಪಾರ ಕಣೇ. ನಾನು ಪಾತ್ರೆ ಕೊಡ್ತೀನಿ, ನೀನು ಹತ್ತಿ ಸೀರೆ ಕೊಡು."

ಅವಳು ಬುಟ್ಟಿ ಇಳಿಸಿ, ನನ್ನ ಕೊಳಗವನ್ನು ಬೆಳಕಿಗೆ ಹಿಡಿದಳು. ಬೆರಳಲ್ಲಿ ತಟ್ಟಿ ಸದ್ದು ಕೇಳಿದಳು.

"ತಳ ತೆಳು ಐತಲ್ರೀ ಅಕ್ಕಾರೆ."

"ನೀನೇ ಕೊಟ್ಟಿದ್ದಲ್ಲೇನೇ! ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ ಅಂತ ಆಣೆ ಹಾಕಿದ್ದೆ."

"ಕೊಡೋವಾಗ ಗಟ್ಟಿ ಇತ್ರೀ. ತಗಳೋವಾಗ ತಟ್ಟಿ ನೋಡ್ಬೇಕು. ನೀವೇ ಕಲ್ಸಿದ್ದು."

ಅವಳು ಸೀರೆಯ ಗಂಟು ಬಿಚ್ಚದೆ ಅದರ ಮೇಲೆಯೇ ಕೂತಳು. ನಾನು ಒಳಗೆ ಎದ್ದುಹೋಗುವವಳ ಹಾಗೆ ಮಾಡಿದೆ, ಅವಳು ಬುಟ್ಟಿ ಹೊರುವವಳ ಹಾಗೆ ಮಾಡಿದಳು. ಆಗ ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದು, "ಬೇಗ ಮುಗ್ಸಮ್ಮ, ಕೂಸು ಶಾಲೆಗೆ ಹೋಗೋ ಹೊತ್ತಾಗುತ್ತೆ" ಎಂದಳು. ಅವಳ ಹೊಟ್ಟೆ ನೋಡಿದ್ದೇ ತಡ, ಪಾತ್ರೆಯವಳಿಗೆ ನನ್ನ ಅವಸರ ತಿಳಿದುಹೋಯಿತು. ಕೊಳಗದ ಜೊತೆಗೆ ಇಡ್ಲಿ ಪಾತ್ರೆಯೂ ಹೋಯಿತು. ಆದ್ದರಿಂದ ಇನ್ನೊಂದು ಬುದ್ಧಿಮಾತು: ಚೌಕಾಸಿ ನಡೆಯುವಾಗ ಬಸುರಿಯನ್ನು ಒಳಗೆ ಕೂರಿಸಿ.

ಸೀರೆಗಳೇನೋ ಬಂದವು. ಆದರೆ ಅವು ಯಾವ ಊರಿನ ಯಾವ ಅಜ್ಜಿಯವೋ! ಕುದಿಯುವ ನೀರಿಗೆ ಹಾಕಿ ಒಗೆದು ಬಿಸಿಲಿಗೆ ಹರವಿದರೆ ಬೀಗತಿಗೆ ಹೇಗೆ ಗೊತ್ತಾಗುತ್ತದೆ ಎಂದು ಧೈರ್ಯ ಮಾಡಿದೆ. ತಾಯಿಗೂ ಕೂಸಿಗೂ ಆಗಲೆಂದು ಪಡಸಾಲೆಯಲ್ಲಿ ದೊಡ್ಡದಾಗಿಯೇ ಹಾಸಿದೆ. ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆಗೆ ಹೊಲಿಯುತ್ತಾ ಹೋಗಬೇಕು. ಅಂದರೆ ಹೊಲಿಯುವವಳು ಕೌದಿಯ ಮೇಲೆಯೇ ಕೂತಿರಬೇಕು. ಒಮ್ಮೆ ಲಯ ಸಿಕ್ಕಿತೆಂದರೆ ಸೂಜಿ ತಾನಾಗಿ ಓಡುತ್ತದೆ. ಇಷ್ಟು ದಿನ ಇದನ್ನು ಬಿಟ್ಟು ಮಿಕ್ಸಿಗೆ ಯಾಕೆ ಅಂಗಿ ತೊಡಿಸುತ್ತಿದ್ದೆನೋ ಅನ್ನಿಸಿತು.

ನಡುವೆ ಒಂದು ಚೂರಷ್ಟೇ ಉಳಿದಿತ್ತು. ಹೇಳದೆ ಕೇಳದೆ ಬೀಗತಿ ಬಂದು ಬಾಗಿಲಲ್ಲಿ ನಿಂತರು, ಕಂಕುಳಲ್ಲಿ ಅವರ ಕೌದಿಯ ಗಂಟು.

ಬೀಗರು ಬಂದರೆ ಎದ್ದು ಕಾಲಿಗೆ ನೀರು ಕೊಡಬೇಕು. ಏಳಹೋದೆ. ನನ್ನ ಜೊತೆ ಕೌದಿಯೂ ಎದ್ದಿತು. ತಟ್ಟನೆ ಕೂತುಬಿಟ್ಟೆ. ಸೂಜಿ ಓಡಿದ ಓಟದಲ್ಲಿ ಉಟ್ಟಿದ್ದ ಆ ಸವೆದ ಹತ್ತಿ ಸೀರೆಯ ನಿರಿಗೆಯನ್ನೂ ಸೇರಿಸಿ ಹೊಲಿದಿದ್ದೆ!

"ಬನ್ನಿ ಬನ್ನಿ, ನೀರು ಅಲ್ಲೇ ಇದೆ, ಕಾಲು ತೊಳ್ಕೊಳ್ಳಿ" ಎಂದೆ ಕೂತಲ್ಲಿಂದಲೇ.

ಬೀಗತಿಯ ಮುಖ ಸಣ್ಣದಾಯಿತು. "ಯಾಕ್ರೀ, ಮಂಡಿ ನೋವಾ?"

"ಹ್ಞೂಂ ಕಣ್ರೀ, ವಿಪರೀತ."

ನಮ್ಮ ಯಜಮಾನರು ಆಗಲೇ ಒಳಗಿಂದ ಬರಬೇಕೇ? "ಮಂಡಿನಾ? ಈಗಿನ್ನೂ ಸೊಪ್ಪಿನವನ ಹಿಂದೆ ಬೀದಿ ಕೊನೇವರೆಗೂ ಓಡಿದ್ಯಲ್ಲೇ!"

ಬೀಗತಿ ನನ್ನೆದುರು ಕೂತು ಕೌದಿಯ ಮೇಲೆ ಬೆರಳಾಡಿಸಿದರು. "ಹೊಲಿಗೆ ಪರವಾಗಿಲ್ಲ. ಈ ಕೆಂಪಂಚಿಂದು ಯಾರದ್ದು? ನೀವು ಉಟ್ಟಿದ್ದು ನೋಡೇ ಇಲ್ಲಪ್ಪ. ಈ ಚೌಕಳಿದು?" ಬೆರಳು ಒಂದೊಂದೇ ತುಂಡು ದಾಟಿ ನನ್ನ ಕಡೆಗೇ ಬರುತ್ತಿತ್ತು. ಕೊನೆಗೆ ಒಂದು ಕಡೆ ನಿಂತಿತು. "ಆಹಾ, ಸೀರೆ ಅಂದ್ರೆ ಇದು! ಬೆಣ್ಣೆ ಇದ್ದಂಗಿದೆ" ಎಂದು ಹಿಡಿದೆಳೆದರು. ಅದರ ಜೊತೆ ನಾನೂ ಒಂದು ಗೇಣು ಮುಂದಕ್ಕೆ ಬಂದೆ.

ಬೀಗತಿ ಕೌದಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗೋಡೆಗೊರಗಿ ನಗತೊಡಗಿದರು. "ನಗಿಸ್ಬೇಡ್ರೋ, ಇಲ್ಲೇ ಹೆತ್ತುಬಿಡ್ತೀನಿ" ಎಂದು ಮಗಳು ಕೂಗಿಕೊಂಡಳು. ಯಜಮಾನರು ಕತ್ತರಿ ತಂದು ಹೊಲಿಗೆ ಬಿಚ್ಚಲು ಬಗ್ಗಿದರು.

"ಬಿಚ್ಬೇಡಿ, ತುಂಡು ಅಲ್ಲೇ ಇರ್ಲಿ" ಎಂದರು ಬೀಗತಿ. "ಉಳಿದಿದ್ದು ಯಾರ್ಯಾರದ್ದೋ. ಅದೊಂದಾದ್ರೂ ಅಜ್ಜಿ ಉಟ್ಟಿದ್ದು."

ಎಲ್ಲಾ ಗೊತ್ತಾಗಿತ್ತು ಅವರಿಗೆ. ಆದರೂ ಬಂದ ಅವಕಾಶ ಬಿಡುವವಳಲ್ಲ ನಾನು. "ಹಂಗಾದ್ರೆ ಕೂಸು ಮೊದ್ಲು ಮಲಗೋದು ಇದ್ರ ಮೇಲೇ, ಹೌದಾ?"

"ಮೊದ್ಲು ಏಳ್ರೀ, ಆಮೇಲೆ ಮಾತು."

"ಮಾತು ಮುಗೀದೆ ನಾ ಏಳಲ್ಲ." ಏಳುವಂತೆಯೂ ಇರಲಿಲ್ಲ.

"ಆಯ್ತು ಮಾರಾಯ್ರೆ, ನಿಮ್ಮದೇ ಮೊದ್ಲು. ಆದ್ರೆ ಅಕ್ಕಿ ಹಾಕೋಳು ನಾನು."

ಕೊನೆಯ ಹೊಲಿಗೆ ಮುಚ್ಚುವ ಮುಂಚೆ ಕೌದಿ ಹಸಿದಿರಬಾರದೆಂದು ನಾಲ್ಕು ಕಾಳು ಅಕ್ಕಿ ಒಳಗಿಡುವುದುಂಟು. ಸರಿಯೆಂದೆ, ಕೈಮೇಲೆ ಕೈ ಹಾಕಿದೆ. ಯಜಮಾನರು ಮರ್ಯಾದೆಯಿಂದ ಕ್ಯಾಲೆಂಡರಿನ ಕಡೆ ತಿರುಗಿ ನಿಂತರು. ಬೀಗತಿ ಹೊಲಿಗೆಯ ಸುತ್ತ ನನ್ನ ಸೀರೆಯನ್ನು ಕತ್ತರಿಸಿದರು. ಸೀರೆಯ ತೂತನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಾನು ಒಳಗೆ ಓಡಿದೆ, ಮಂಡಿ ನೋವೇ ಇಲ್ಲದವಳ ಹಾಗೆ.

ಮೊಮ್ಮಗಳು ಹುಟ್ಟಿ ಮನೆಗೆ ಬಂದಾಗ ಒಪ್ಪಂದದ ಪ್ರಕಾರ ಮೊದಲು ನನ್ನ ಕೌದಿಯ ಮೇಲೇ ಮಲಗಿಸಿದೆವು. ಅವಳು ಕೂಡಲೇ ಅದನ್ನು ನೆನೆಸಿದಳು, ಅದೂ ಸರಿಯಾಗಿ ಬೆಣ್ಣೆಯಂಥ ಆ ತುಂಡಿನ ಮೇಲೆ. ಬೀಗತಿ ನಗುತ್ತಾ ತಮ್ಮದನ್ನು ಹಾಸಿಕೊಟ್ಟರು. ನನ್ನದನ್ನು ಒಗೆದು ಅಂಗಳದ ತಂತಿಗೆ ಹಾಕಿದ್ದೆ. ಪಾತ್ರೆಯವಳು ಬಂದವಳೇ ಅದರ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ಅಕ್ಕಾರೆ, ಇದಕ್ಕೆ ಒಂದು ಕುಕ್ಕರ್ ಕೊಡ್ತೀನಿ ನೋಡ್ರಿ."

"ಎಷ್ಟು ಲೀಟರಿಂದು?" ಎಂದೆ.

"ಅಮ್ಮಾ!" ಎಂದು ಬಾಣಂತಿ ಕೋಣೆಯಿಂದ ಕೂಗು ಬಂತು.

ಸುಮ್ಮನೆ ಕೇಳಿದ್ದು ಅಷ್ಟೇ. ಕೇಳುವುದಕ್ಕೇನು ಖರ್ಚು?