ಹಳೇ ರೇಡಿಯೋದ ಕಾಯಿಲ್

ಬಿಡದಿಯ ಕಾರು ಕಾರ್ಖಾನೆಯಲ್ಲಿದ್ದ ಶಿವು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಕಾಲಲ್ಲಿ ತುಳಿದರೆ ಗಿಟಾರನ್ನು 'ವಾ ವಾ' ಅನ್ನಿಸುವ ಅವನ ಪೆಡಲ್ಲಿನ ತಂತಿಸುರುಳಿ, ಅಂದರೆ ಕಾಯಿಲ್, ಸುಟ್ಟುಹೋಗಿತ್ತು. ರಾಮನಗರದ ನನ್ನ ರೇಡಿಯೋ ಅಂಗಡಿಯಿಂದ ಹೊಸದು ಕೊಟ್ಟೆ.

"ಹಳೇ ದನಿ ಬತ್ತಿಲ್ಲ ಕಣಣ್ಣ. ಶನಿವಾರ ಪ್ರೋಗ್ರಾಂ ಐತೆ!" ಎಂದು ಗೋಳಾಡಿದ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ರಹೀಂ ಸಾಹೇಬರ ಹಳೇ ರೇಡಿಯೋದಲ್ಲಿ ಅಂಥದ್ದೇ ಕಾಯಿಲ್ ಇತ್ತು. ಬದಲಿಗೆ ಹೊಸ ರೇಡಿಯೋನೇ ಕೊಡುತ್ತೇನೆಂದೆ.

"ಹೊಸದ್ರಲ್ಲಿ ಆ ದನಿ ಎಲ್ಲೈತೆ ಸಾವ್ಕಾರ್ರೇ?" ಎಂದರು ಸಾಹೇಬರು.

"ಇದೇ ರೋಗದೋನು ಇನ್ನೊಬ್ಬ ಅವ್ನೆ. ಕಳಿಸ್ತೀನಿ, ನೀವೇ ಮಾತಾಡ್ಕಳಿ."

ಶಿವು ಹೋದ. ಸಂಜೆವರೆಗೂ ಇಬ್ಬರೂ ಕೂತು ರೇಡಿಯೋ ಕೇಳಿದರಂತೆ. ಬರಿಗೈಲಿ ಬಂದ.

"ಅಂಥಾ ದನಿ ಇರೋ ರೇಡಿಯೋ ಬಿಚ್ಚಕ್ಕೆ ಮನ್ಸು ಬರ್ನಿಲ್ಲ ಕಣಣ್ಣ."

"ಹಂಗಾರೆ ಪ್ರೋಗ್ರಾಂ?"

"ನೀನು ಕೊಟ್ಟ ಹೊಸದ್ರಲ್ಲೇ ಆಯ್ತದೆ ಬುಡು."

ಗಿರಾಕಿಯನ್ನೂ ಮಾಲಿನ ಯಜಮಾನನನ್ನೂ ಎದುರುಬದುರು ಕೂರಿಸುವುದನ್ನು ಅಂದೇ ಬಿಟ್ಟೆ.