ಮೊಮ್ಮಗಳ ಮೂಳೆಗೆ ತುಂಬಿದ ಮದ್ದಿನ ಮಣಿ

ಮೊಮ್ಮಗಳು ಊರುಗೋಲಿಲ್ಲದೆ ಅಂಗಳ ಗುಡಿಸಿದ ದಿನ ನನಗೆ ಕುಣಿಯಬೇಕೆನಿಸಿತು. ಆದರೆ ಮೊದಲು ನಾದಿನಿಯ ಮೇಲೆ ಸೇಡು ತೀರಿಸಿಕೊಳ್ಳಬೇಕಿತ್ತು.

ಹೊನ್ನಾವರದ ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಹುಡುಗಿಯ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಪ್ಲೇಟು ಇಟ್ಟು ಸ್ಕ್ರೂ ಬಿಗಿದರು. ಮೂಳೆ ಕೂಡುವ ಮೊದಲೇ ಗಾಯದಲ್ಲಿ ಕೀವು. ಮಾತ್ರೆ ನುಂಗಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಸೋರುತ್ತಿತ್ತು. ಕುಮಟೆಯಲ್ಲಿ ಮೀನು ಮಾರುವ ನಾದಿನಿ ಪೇಟೆ ತುಂಬ ಹೇಳಿಕೊಂಡು ಬಂದಳು: "ಅತ್ತಿಗೆ ಮೀನು ತಿನ್ಸಿ ತಿನ್ಸಿ ನಂಜು ಮಾಡಿಟ್ಟಿದ್ದು. ಇನ್ನು ಆ ಕಾಲು ಕಡಿಯೋದೇ ಗತಿ."

ಇಂಥ ಊಟ ಗಾಯಕ್ಕೆ ನಂಜು ಅಂದರೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ. ದೋಣಿ ಇರುವ ಮನೆಯಲ್ಲಿ ಮೀನು ಬಿಡಿಸಿ ಆ ಹುಡುಗಿಗೆ ಬರೀ ಗಂಜಿ, ಉಪ್ಪು. ಅವಳು ಕಡ್ಡಿಯಾದಳು, ಕೀವು ಮಾತ್ರ ನಿಲ್ಲಲಿಲ್ಲ.

ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ಕ್ರಿಮಿಗಳು ಪ್ಲೇಟಿಗೂ ಮೂಳೆಗೂ ಅಂಟಿಕೊಂಡು, ಮೇಲೆ ಲೋಳೆ ಹೊದ್ದು ಕೂತಿವೆಯಂತೆ. ನುಂಗಿದ ಮದ್ದು ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲವಂತೆ. ದೋಣಿಯ ತಳ ಕೆರೆದವಳಿಗೆ ಲೋಳೆಯ ಹಟ ಗೊತ್ತಿಲ್ಲವೇ?

"ಕೆರೀರಿ ಡಾಕ್ಟ್ರೇ, ಒಂದನ್ನೂ ಬಿಡಬೇಡಿ" ಅಂದೆ.

ಪ್ಲೇಟು ತೆಗೆದು ಸತ್ತ ಮೂಳೆ ಕೆರೆದರು. ಆ ಪೊಳ್ಳಿನೊಳಗೆ ಸಾಬಕ್ಕಿಯಂಥ ಬಿಳಿ ಮದ್ದಿನ ಮಣಿ ತುಂಬಿ, ಹೊರಗಿನಿಂದ ಸರಳು ಕೂರಿಸಿ ಕಾಲನ್ನು ಹಿಡಿದಿಟ್ಟರು. ಮಣಿ ಅಲ್ಲೇ ನಿಧಾನ ಕರಗುತ್ತ ಮದ್ದು ಬಿಡುತ್ತದೆ. ಕ್ರಿಮಿಗಳ ಮನೆಯೊಳಗೇ ವಿಷ! ಎಂಥ ಖುಷಿಯಾಯಿತು ನನಗೆ! "ಸಾಯಿರಿ, ನರಳಿ ನರಳಿ ಸಾಯಿರಿ" ಎಂದು ಬ್ಯಾಂಡೇಜಿಗೆ ಬಾಯಿ ಹಚ್ಚಿ ಶಾಪ ಹಾಕುತ್ತಿದ್ದೆ. ಮೀನು ಬಿಡಿಸಿದ್ದಕ್ಕೆ ಡಾಕ್ಟರು ಬೈದರು. ಮೂಳೆ ಕೂಡಲು ಅಂಥದ್ದೇ ಊಟ ಬೇಕಂತೆ.

ಕೀವು ನಿಂತಿತು. ಮೂಳೆ ಕೂಡಿತು. ಸರಳೂ ಹೊರಬಂತು, ಕೋಲೂ ಮೂಲೆ ಸೇರಿತು.

ಅಂಗಳ ಗುಡಿಸಿದ ಮರುದಿನವೇ, ಮನೆಯಲ್ಲಿ ಮೀನಿದ್ದರೂ, ಅವಳನ್ನು ಕರೆದುಕೊಂಡು ಕುಮಟೆಗೆ ಹೋದೆ. ನಾದಿನಿಯ ಬುಟ್ಟಿಯ ಎದುರೇ ನಿಂತೆ.

"ಎಂತ ಅತ್ತಿಗೆ, ಹುಡುಗಿ ನಡೀತದ್ಯಾ?"

"ಇಲ್ಲ, ಹಾರಿ ಬಂತು. ಬಂಗಡೆ ಹೇಂಗೆ?"

ಬೆಲೆ ಹೇಳಿದಳು.

"ಹೊಟ್ಟೆಯೊಳಗೆ ಬಂಗಾರ ತುಂಬಿದ್ಯಾ?" ಅಂದೆ.

ಕಿವಿರು ಎತ್ತಿ ನೋಡಿದೆ, ಹೊಟ್ಟೆ ಒತ್ತಿ ನೋಡಿದೆ, ಬೇಕಂತಲೇ ಚೌಕಾಸಿ ಎಳೆದೆ. ಎಳೆದಷ್ಟೂ ಹೊತ್ತು ಮೊಮ್ಮಗಳು ಆ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಳು. ಸಾಲಿನಲ್ಲಿ ಕೂತ ಹೆಂಗಸರೆಲ್ಲ ಕತ್ತಿ ಕೆಳಗಿಟ್ಟು ನೋಡತೊಡಗಿದರು.

"ಸಾಕು ಅತ್ತಿಗೆ, ಕಂಡೆ. ನೀ ಹೇಳಿದ ಬೆಲೆಗೇ ತಕಂಡು ಹೋಗು" ಎಂದಳು ನಾದಿನಿ, ತಲೆ ಎತ್ತದೆ.

"ಆತು" ಅಂದೆ. "ಆ ಇನ್ನೊಂದು ಬುಟ್ಟಿನೂ ತೆಗೆದು ತೋರ್ಸು."